ವೀಸಾದ ಬೆಲೆ ತೆರುವವರು ಯಾರು?

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ, ಸಂಗೀತ, ಯಕ್ಷಗಾನಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ಪರದೇಶದ ಉದ್ಯೋಗ ವೀಸಾದಂಥ ಶುಷ್ಕ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಂಘದ ಪದಾಧಿಕಾರಿಗಳು ಅಪೇಕ್ಷಿಸಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮಗನೋ ಮಗಳೋ ಅಳಿಯನೋ ಪರದೇಶದಲ್ಲಿ ದುಡಿಯದಿರುವ ಕನ್ನಡ ಮನೆ ಈ ಮುಂಬಯಿಯಲ್ಲಿ ಇಂದು ವಿರಳ. ಕೆಲವರು ದುಬಾಯಿ, ದಮ್ಮಾಮ್‌ಗಳಿಗೆ ಹೋದವರು. ಕೆಲವರು ಅಮೆರಿಕಕ್ಕೆ, ಇನ್ನು ಕೆಲವರು ಇಂಗ್ಲೆಂಡಿಗೆ. ಇವರ ವಿದ್ಯೆ, ಸಂಬಳ, ಅಂತಸ್ತುಗಳು ಬೇರೆ ಬೇರೆ. ಆದರೆ ಇವರೆಲ್ಲರಿಗೂ ಸಮಾನವಾದ ಒಂದು ಸ್ಥಿತಿಯಿದೆ. ಇವರು ಆ ದೇಶದಲ್ಲಿ ಇರುವುದು ಒಬ್ಬ ಮಾಲೀಕನ ಹೊಣೆಯ ಮೇಲೆ. ಆ ಸ್ಥಿತಿಯ ನಿಯಮಗಳೇನು, ಅದರ ಖರ್ಚೆಷ್ಟು, ಆ ಖರ್ಚನ್ನು ನಿಜವಾಗಿ ಹೊರುವವರು ಯಾರು ಎಂಬುದೇ ಇಂದಿನ ನನ್ನ ವಿಷಯ. ನಾನು ಕೇಂದ್ರ ಸರಕಾರದ ಸೇವೆಯಲ್ಲಿರುವವನಾದರೂ ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು. ಅವನ್ನು ಸರಕಾರದ ಅಭಿಪ್ರಾಯವೆಂದು ಯಾರೂ ಭಾವಿಸಬಾರದಾಗಿ ವಿನಂತಿ.

ಮೊದಲು ಪ್ರಾಯೋಜಿತ ವೀಸಾ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಾಮಾನ್ಯ ನೌಕರಿಯಲ್ಲಿ ಪಕ್ಷಗಳು ಎರಡು: ಕೆಲಸ ಕೊಡುವವನು ಮತ್ತು ಕೆಲಸ ಮಾಡುವವನು. ಪ್ರಾಯೋಜಿತ ವೀಸಾದಲ್ಲಿ ಮೂರನೆಯ ಪಕ್ಷವಾಗಿ ಆತಿಥೇಯ ಸರಕಾರ ಬರುತ್ತದೆ. ಆ ಸರಕಾರ ಕೆಲಸಗಾರನಿಗೆ ನೇರವಾಗಿ ಅನುಮತಿ ಕೊಡುವುದಿಲ್ಲ. ಈತ ನನಗೆ ಬೇಕು, ಈತನ ಹೊಣೆ ನನ್ನದು ಎಂದು ಮಾಲೀಕ ಬರೆದುಕೊಟ್ಟ ಮೇಲೆ ಕೊಡುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಇದಕ್ಕೆ ಕಫಾಲ ಎಂದು ಹೆಸರು. ಅರಬ್ಬಿಯಲ್ಲಿ ಆ ಪದಕ್ಕೆ ಜಾಮೀನು, ಹೊಣೆಗಾರಿಕೆ ಎಂಬ ಗೌರವದ ಅರ್ಥವೇ ಇದೆ. ಹೊಣೆ ಹೊತ್ತವನು ಕಫೀಲ. ಆದರೆ ಹೊಣೆ ಹೊತ್ತವನು ಅದನ್ನು ಇಳಿಸಿದೊಡನೆ ಕೆಲಸಗಾರನ ನೌಕರಿಯೊಂದಿಗೆ ಆ ನೆಲದಲ್ಲಿ ನಿಲ್ಲುವ ಹಕ್ಕೂ ಹೋಗುತ್ತದೆ ಎಂಬಲ್ಲಿ ತೊಡಕು ಆರಂಭವಾಗುತ್ತದೆ.

ಇದರ ತೂಕ ತಿಳಿಯಲು ನಮ್ಮ ಇತಿಹಾಸವನ್ನೇ ನೋಡಬಹುದು. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಹುಡುಗರು ಈ ನಗರಕ್ಕೆ ಬಂದು ಹೊಟೇಲುಗಳಲ್ಲಿ ಲೋಟ ತೊಳೆದರು, ಮೇಜು ಒರೆಸಿದರು. ಅವರ ಕಷ್ಟವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಧಣಿ ಸಂಬಳ ಕೊಡದಿದ್ದರೆ ಆ ಹುಡುಗ ಸಂಜೆಗೆ ಗಂಟು ಕಟ್ಟಿಕೊಂಡು ಪಕ್ಕದ ಬೀದಿಯ ಹೊಟೇಲಿಗೆ ಸೇರಬಹುದಾಗಿತ್ತು. ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಲೋಟ ಬಿಟ್ಟು ಲೇಖನಿ ಹಿಡಿದು, ಬ್ಯಾಂಕಿಗೋ ಕಚೇರಿಗೋ ಹೋಗಬಹುದಾಗಿತ್ತು. ಹಾಗೆ ಹೋದವರೂ ಅವರ ಮಕ್ಕಳೂ ಈ ಸಭೆಯಲ್ಲಿದ್ದಾರೆ. ಭಾರತದ ಯಾವುದೇ ಭಾಗದಲ್ಲಿ ನೆಲೆಸುವ, ಯಾವುದೇ ವೃತ್ತಿಯನ್ನು ಮಾಡುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ಹೊರನಾಡ ಕನ್ನಡಿಗರ ಏಳಿಗೆಗೆ ನಮ್ಮ ದುಡಿಮೆ ಎಷ್ಟು ಕಾರಣವೋ, ಮಾಲೀಕನ ಅನುಮತಿಯಿಲ್ಲದೆ ಕೆಲಸ ಬಿಡಬಲ್ಲ ಈ ಸ್ವಾತಂತ್ರ್ಯವೂ ಅಷ್ಟೇ ಕಾರಣ. ಪ್ರಾಯೋಜಿತ ವೀಸಾದ ಮೇಲೆ ಕಡಲು ದಾಟಿದವನಿಗೆ ಇಲ್ಲದಿರುವುದು ಅಥವಾ ಅರೆಬರೆಯಾಗಿ ಮಾತ್ರ ಇರುವುದು ಇದೊಂದೇ.

ಈ ಬಗೆಯ ಕಟ್ಟು ಹೊಸದಲ್ಲ. 1834ರಿಂದ ಮಾರಿಷಸ್ಸಿಗೂ ಅನಂತರ ಟ್ರಿನಿಡಾಡ್, ನಟಾಲ್, ಫಿಜಿಗಳಿಗೂ ಭಾರತೀಯ ಕೂಲಿಗಳನ್ನು ಕರಾರಿನ ಮೇಲೆ ಸಾಗಿಸಲಾಯಿತು. ಆ ಕರಾರನ್ನು ನಮ್ಮ ಜನ ಗಿರಮಿಟ್ ಎಂದು ಕರೆದರು. ಕರಾರು ಮುಗಿಯುವ ಮುನ್ನ ತೋಟ ಬಿಟ್ಟರೆ ಅದು ಅಪರಾಧ. ಈ ಪದ್ಧತಿ ರದ್ದಾಗಬೇಕೆಂದು ಗೋಪಾಲಕೃಷ್ಣ ಗೋಖಲೆಯವರು 1912ರಲ್ಲಿ ಶಾಸನಸಭೆಯಲ್ಲಿ ಗೊತ್ತುವಳಿ ಮಂಡಿಸಿದರು. 1917ರಲ್ಲಿ ಕೂಲಿಗಳ ರವಾನೆ ನಿಂತಿತು. 1922ರಲ್ಲಿ ವಲಸೆ ಕಾಯಿದೆ ಬಂತು. 1973ರ ತೈಲಬೆಲೆಯ ಏರಿಕೆಯ ತರುವಾಯ ಕೊಲ್ಲಿ ನಾಡುಗಳಿಗೆ ಜನ ಹೊರಟಾಗ ಆ ಹಳೆಯ ಕಾಯಿದೆ ಸಾಲದಾಯಿತು. 1983ರಲ್ಲಿ ಈಗಿನ ವಲಸೆ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿತು. ವಲಸಿಗರ ರಕ್ಷಕ ಎಂಬ ಅಧಿಕಾರಿಯ ಹುದ್ದೆ ಗಿರಮಿಟ್ ಕಾಲದ ಬಂದರುಗಳಿಂದ ನಡೆದು ಬಂದದ್ದು. ಹುದ್ದೆಯ ಹೆಸರು ಬದಲಾಗಿಲ್ಲ. ರಕ್ಷಣೆಯ ಅಗತ್ಯವೂ ತೀರಿಲ್ಲ.

ಈಗ ಖರ್ಚಿನ ವಿಚಾರಕ್ಕೆ ಬರೋಣ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಸೌದಿ ಅರೇಬಿಯದ ಕಾರ್ಮಿಕ ಕಾಯಿದೆಯ 40ನೆಯ ಕಲಮಿನ ಪ್ರಕಾರ ಕೆಲಸಗಾರನನ್ನು ಕರೆಸಿಕೊಳ್ಳುವ ಶುಲ್ಕ, ಇಕಾಮಾ ಎಂಬ ವಾಸದ ಪರವಾನಗಿ, ಕೆಲಸದ ಪರವಾನಗಿ, ಅವುಗಳ ನವೀಕರಣ, ತಡವಾದರೆ ತೆರಬೇಕಾದ ದಂಡ, ಕರಾರು ಮುಗಿದ ಮೇಲಿನ ಮರುಪ್ರಯಾಣದ ಟಿಕೆಟು, ಇವೆಲ್ಲ ಮಾಲೀಕನ ಹೊಣೆ. ಸಂಯುಕ್ತ ಅರಬ್ ಸಂಸ್ಥಾನಗಳ 2021ರ ಕಾರ್ಮಿಕ ಕಾನೂನು 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅದರ 6ನೆಯ ಕಲಮು ನೇಮಕದ ವೆಚ್ಚವನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸಗಾರನಿಂದ ವಸೂಲು ಮಾಡಕೂಡದೆನ್ನುತ್ತದೆ. ನಮ್ಮ ದೇಶದಲ್ಲಿ ನೋಂದಾಯಿತ ನೇಮಕಾತಿ ದಲ್ಲಾಳಿ ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ಮಿತಿಯಿದೆ. ಮೊದಲು 20,000 ರೂಪಾಯಿಗಳಿದ್ದ ಆ ಮಿತಿಯನ್ನು 2017ರಲ್ಲಿ 30,000ಕ್ಕೆ ಏರಿಸಲಾಯಿತು. ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಸೇರಿದರೆ 35,400. ಅದಕ್ಕೆ ರಸೀದಿ ಕೊಡಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು ಕಟ್ಟಿದರೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಒದಗಿದಾಗ 10 ಲಕ್ಷ ರೂಪಾಯಿಗಳ ವಿಮೆ ದೊರೆಯುತ್ತದೆ.

ನಿಯಮಗಳನ್ನಷ್ಟೇ ಓದಿದವನು ಕೊಲ್ಲಿಗೆ ಹೋಗುವ ಕೂಲಿಗೆ ನಲವತ್ತು ಸಾವಿರಕ್ಕಿಂತ ಹೆಚ್ಚು ಖರ್ಚು ಬರಲಾರದು ಎಂದುಕೊಳ್ಳುತ್ತಾನೆ. ವಾಸ್ತವ ಹಾಗಿಲ್ಲವೆಂಬುದು ನಿಮಗೆ ಗೊತ್ತು. ವೀಸಾ ಮಾರಾಟದ ಸರಕಾಗಿದೆ. ಅಲ್ಲಿನ ಕಫೀಲನಿಂದ ಅಲ್ಲಿಯ ದಲ್ಲಾಳಿಗೆ, ಅವನಿಂದ ಇಲ್ಲಿಯ ದಲ್ಲಾಳಿಗೆ, ಇವನಿಂದ ಊರಿನ ಉಪದಲ್ಲಾಳಿಗೆ ಕೈ ಬದಲಾಯಿಸುತ್ತ ಬರುವ ವೀಸಾದ ಬೆಲೆ ಪ್ರತಿಯೊಂದು ಕೈಯಲ್ಲೂ ಏರುತ್ತದೆ. ಕೊನೆಯಲ್ಲಿ ತೆರುವವನು ಎಲ್ಲರಿಗಿಂತ ಬಡವ. ಫ್ರೀ ವೀಸಾ ಎಂಬ ಮಾತನ್ನು ನೀವು ಕೇಳಿರಬಹುದು. ಅದರಲ್ಲಿ ಫ್ರೀ ಎಂಬುದು ಬೆಲೆಗೆ ಸಂಬಂಧಿಸಿದ್ದಲ್ಲ. ಆ ವೀಸಾಕ್ಕೇ ಬೆಲೆ ಹೆಚ್ಚು. ಕಫೀಲ ಕಾಗದದ ಮೇಲೆ ಮಾತ್ರ ಮಾಲೀಕ. ಕೆಲಸ ಕೊಡುವುದಿಲ್ಲ, ವರ್ಷ ವರ್ಷ ಹಣ ಪಡೆಯುತ್ತಾನೆ. ಕೆಲಸಗಾರ ಹೊರಗೆ ಎಲ್ಲಿಯೋ ದುಡಿಯುತ್ತಾನೆ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಾನೂನು ಮುರಿದವನು ಅವನೇ ಆಗುತ್ತಾನೆ. 2011ರಲ್ಲಿ ಸೌದಿ ಸರಕಾರ ನಿತಾಕತ್ ಪದ್ಧತಿಯನ್ನು ತಂದು 2013ರಲ್ಲಿ ತಪಾಸಣೆಯನ್ನು ಬಿಗಿಗೊಳಿಸಿದಾಗ ಈ ಬಗೆಯ ವೀಸಾದವರು ಗುಂಪು ಗುಂಪಾಗಿ ಮರಳಬೇಕಾಯಿತು.

ಸಾಲದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ಹೇಳುತ್ತೇನೆ. ಒಬ್ಬನು ವೀಸಾಕ್ಕಾಗಿ ಒಂದೂವರೆ ಲಕ್ಷ ರೂಪಾಯಿ ಸಾಲ ಮಾಡಿದನೆನ್ನಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಅವನ ಸಂಬಳ ಸಾವಿರ ರಿಯಾಲ್, ಅಂದರೆ ನಮ್ಮ ಸುಮಾರು 23,000 ರೂಪಾಯಿ. ಊಟ, ದೂರವಾಣಿ, ಸಣ್ಣಪುಟ್ಟ ಖರ್ಚು ಕಳೆದು ತಿಂಗಳಿಗೆ 15,000 ಮನೆಗೆ ಕಳುಹಿಸುತ್ತಾನೆ. ಅದರಲ್ಲಿ 4,500 ಮೊದಲ ತಿಂಗಳ ಬಡ್ಡಿಗೇ ಹೋಯಿತು. ಮನೆಯವರ ಹೊಟ್ಟೆಗೆ 6,000 ತೆಗೆದಿಟ್ಟರೆ ಅಸಲಿಗೆ ಸೇರುವುದು 4,500. ಹೀಗೆ ನಡೆದರೆ ಸಾಲ ತೀರಲು ಸುಮಾರು ಎರಡು ವರ್ಷ ಬೇಕು. ಕರಾರಿನ ಅವಧಿಯೂ ಸಾಮಾನ್ಯವಾಗಿ ಎರಡು ವರ್ಷ! ಇಂಥವನಿಗೆ ಮಾಲೀಕ ಮೂರು ತಿಂಗಳು ಸಂಬಳ ತಡೆಹಿಡಿದರೆ ಆತ ಬಿಟ್ಟು ಬರಲಾರ. ಸಾಲ ಅವನನ್ನು ಅಲ್ಲಿಂದ ಕದಲಗೊಡುವುದಿಲ್ಲ, ವೀಸಾ ಅವನನ್ನು ಬೇರೆ ಕೆಲಸಕ್ಕೆ ಹೋಗಗೊಡುವುದಿಲ್ಲ. ಇವೆರಡರಲ್ಲಿ ಒಂದಿದ್ದರೆ ಮನುಷ್ಯ ಹೇಗೋ ಪಾರಾಗುತ್ತಾನೆ. ಎರಡೂ ಸೇರಿದಾಗ ಕರಾರಿನಲ್ಲಿ ಏನು ಬರೆದಿದ್ದರೂ ಅದಕ್ಕೆ ಬೆಲೆಯಿರುವುದಿಲ್ಲ.

ಇದರ ಮೇಲೆ ಸರಕಾರದ ಸುಂಕ. ಸೌದಿ ಅರೇಬಿಯ 2017ರ ಜುಲೈಯಿಂದ ವಿದೇಶೀ ನೌಕರನ ಪ್ರತಿಯೊಬ್ಬ ಅವಲಂಬಿತನ ಮೇಲೆ ತಿಂಗಳಿಗೆ 100 ರಿಯಾಲ್ ವಿಧಿಸಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಇದನ್ನು ಮಾಲೀಕ ಕೊಡಬೇಕಾಗಿಲ್ಲ. ಮಧ್ಯಮ ಸಂಬಳದ ಗುಮಾಸ್ತ, ತಂತ್ರಜ್ಞ, ಅಂಗಡಿಯ ಲೆಕ್ಕಿಗ ಇಷ್ಟು ಹಣವನ್ನು ಎಲ್ಲಿಂದ ತರಬೇಕು? ಅನೇಕರು ಸಂಸಾರವನ್ನು ಊರಿಗೆ ಕಳುಹಿಸಿ ತಾವು ಒಂಟಿಯಾಗಿ ಉಳಿದರು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಕುಟುಂಬಗಳಿಗೆ ಈ ಅನುಭವ ಹೊಸದಲ್ಲ.

ಸುಧಾರಣೆಗಳೇ ಆಗಿಲ್ಲವೆಂದು ಹೇಳಿದರೆ ತಪ್ಪಾದೀತು. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವನ್ನು ತೆಗೆದುಹಾಕಿತು. 2021ರ ಮಾರ್ಚಿಯಿಂದ ಎಲ್ಲ ಕೆಲಸಗಾರರಿಗೂ ಅನ್ವಯಿಸುವಂತೆ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನೂ, ವಸತಿ ಊಟ ಒದಗಿಸದಿದ್ದಲ್ಲಿ ಅನುಕ್ರಮವಾಗಿ 500 ಮತ್ತು 300 ರಿಯಾಲ್‌ಗಳನ್ನೂ ಗೊತ್ತುಪಡಿಸಿತು. ಅದೇ ತಿಂಗಳು ಸೌದಿಯಲ್ಲಿಯೂ ಒಂದು ವರ್ಷ ದುಡಿದವನು ಕೆಲವು ಷರತ್ತುಗಳೊಂದಿಗೆ ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಹೋಗಬಹುದಾಯಿತು. ಆದರೆ ಮನೆಗೆಲಸದವರನ್ನು ಆ ಸುಧಾರಣೆಯಿಂದ ಹೊರಗಿಡಲಾಯಿತು. ಯಾರಿಗೆ ಅದು ಅತ್ಯಗತ್ಯವಾಗಿತ್ತೋ ಅವರಿಗೇ ಅದು ಸಿಗಲಿಲ್ಲ. ಇದಲ್ಲದೆ, ಕೆಲಸಗಾರ ಓಡಿಹೋದನೆಂದು ಮಾಲೀಕ ದೂರು ಕೊಡುವ ಹುರೂಬ್ ಎಂಬ ಅಸ್ತ್ರವಿದೆ. ಸಂಬಳ ಕೇಳಿದವನ ಮೇಲೂ ಅದನ್ನು ಪ್ರಯೋಗಿಸಿದ್ದುಂಟು.

ಇದೆಲ್ಲ ಅರೆಶಿಕ್ಷಿತ ಕೂಲಿಯ ಪಾಡು, ನಮ್ಮ ಎಂಜಿನಿಯರ್ ಮಕ್ಕಳಿಗೆ ಇದು ಸಂಬಂಧಿಸಿದ್ದಲ್ಲ ಎಂದು ಯಾರಾದರೂ ಭಾವಿಸಿದ್ದರೆ ಅಮೆರಿಕದ ಎಚ್-1ಬಿ ವೀಸಾವನ್ನು ನೋಡಬೇಕು. 1990ರ ಕಾನೂನಿನಿಂದ ಹುಟ್ಟಿದ ಈ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿ. ಅಮೆರಿಕದ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪದವೀಧರರಿಗೆ ಇನ್ನೂ 20,000. ಇತ್ತೀಚಿನ ವರ್ಷಗಳಲ್ಲಿ ಮಂಜೂರಾದ ಅರ್ಜಿಗಳ ಪೈಕಿ ಶೇಕಡಾ 70ಕ್ಕಿಂತ ಹೆಚ್ಚು ಭಾರತೀಯರವು. 2025ರ ದರದಂತೆ ದೊಡ್ಡ ಸಂಸ್ಥೆಯೊಂದು ಮೊದಲ ಅರ್ಜಿಗೆ ತೆರಬೇಕಾದದ್ದು ಹೀಗೆ: ನೋಂದಣಿಗೆ 215 ಡಾಲರ್, ಅರ್ಜಿಗೆ 780, ತರಬೇತಿ ನಿಧಿಗೆ 1,500, ವಂಚನೆ ತಡೆಯುವ ಶುಲ್ಕ 500, ಆಶ್ರಯ ಯೋಜನೆಯ ಶುಲ್ಕ 600, ಒಟ್ಟು 3,595 ಡಾಲರ್. ವಕೀಲರ ಶುಲ್ಕ ಬೇರೆ. ತರಬೇತಿ ನಿಧಿಯ ಹಣವನ್ನು ನೌಕರನಿಂದ ವಸೂಲು ಮಾಡುವುದು ಕಾನೂನುಬಾಹಿರ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರು ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ವಿಧಿಸುವ ಘೋಷಣೆ ಹೊರಡಿಸಿದರು. ಅದರ ಅವಧಿಯನ್ನು ಮೊದಲಿಗೆ ಒಂದು ವರ್ಷವೆಂದು ಗೊತ್ತುಮಾಡಲಾಗಿತ್ತು. ಈ ಹಣವನ್ನು ಕೊಡಬೇಕಾದವನು ಮಾಲೀಕ. ಆದರೆ ಅಷ್ಟು ಹಣ ಕೊಡಲಾರದ ಮಾಲೀಕ ನೌಕರಿಯನ್ನೇ ಕೊಡುವುದಿಲ್ಲವಾದ್ದರಿಂದ ಪೆಟ್ಟು ಬೀಳುವುದು ಅಭ್ಯರ್ಥಿಯ ಮೇಲೆಯೇ.

ಕೆಲಸವಿಲ್ಲದ ದಿನಗಳಲ್ಲಿ ನೌಕರನನ್ನು ಸಂಬಳವಿಲ್ಲದೆ ಕೂರಿಸುವುದನ್ನು 1998ರ ಕಾನೂನು ನಿಷೇಧಿಸಿತು. ನಿಷೇಧಿಸಬೇಕಾಗಿ ಬಂತೆಂದರೆ ಆ ರೂಢಿ ಇತ್ತೆಂದೇ ಅರ್ಥ. ನೌಕರಿ ಹೋದರೆ ಹೊಸ ಮಾಲೀಕನನ್ನು ಹುಡುಕಿಕೊಳ್ಳಲು 2017ರಿಂದ ಗರಿಷ್ಠ 60 ದಿನಗಳ ಅವಕಾಶವಿದೆ. ಮನೆಯ ಸಾಲ, ಮಕ್ಕಳ ಶಾಲೆ, ಹೆಂಡತಿಯ ವೀಸಾ, ಎಲ್ಲವೂ ಆ 60 ದಿನಗಳ ಮೇಲೆ ನಿಂತಿವೆ. ಶಾಶ್ವತ ವಾಸದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಸಿಗದೆಂಬ ನಿಯಮದಿಂದ ಭಾರತೀಯರ ಸರತಿ ದಶಕಗಳಷ್ಟು ಉದ್ದವಾಗಿದೆ. ಅಷ್ಟು ಕಾಲವೂ ಒಬ್ಬಲ್ಲ ಒಬ್ಬ ಮಾಲೀಕನ ಹೊಣೆ ಬೇಕೇ ಬೇಕು. ಕಣ್ಣಿಗೆ ಬೀಳದ ಇನ್ನೊಂದು ಖರ್ಚೂ ಇದೆ. ಸಾಮಾಜಿಕ ಭದ್ರತೆ ಮತ್ತು ವೃದ್ಧಾಪ್ಯದ ವೈದ್ಯಕೀಯ ನೆರವಿಗೆಂದು ಸಂಬಳದ ಶೇಕಡಾ 7.65ರಷ್ಟನ್ನು ನೌಕರ ತೆರುತ್ತಾನೆ, ಅಷ್ಟನ್ನೇ ಮಾಲೀಕನೂ ತೆರುತ್ತಾನೆ. ಪಿಂಚಣಿ ಬೇಕಾದರೆ ಸುಮಾರು ಹತ್ತು ವರ್ಷ ದುಡಿದಿರಬೇಕು. ಭಾರತದೊಡನೆ ಅಮೆರಿಕಕ್ಕೆ ಈ ಬಗ್ಗೆ ಒಪ್ಪಂದವಿಲ್ಲ. ಆರು ವರ್ಷ ದುಡಿದು ಮರಳಿದವನ ಆ ಹಣ ಅಲ್ಲಿಯೇ ಉಳಿಯಿತು.

ಬ್ರಿಟನ್ನಿನ ಕತೆಯೂ ಬೇರೆಯಲ್ಲ. ವೃದ್ಧರ, ರೋಗಿಗಳ ಆರೈಕೆಗೆ ಜನ ಬೇಕೆಂದು 2022ರ ಫೆಬ್ರುವರಿಯಲ್ಲಿ ಬಾಗಿಲು ತೆರೆದರು. 2025ರ ಜುಲೈ 22ರಂದು ಹೊರದೇಶದ ಹೊಸ ಅರ್ಜಿದಾರರಿಗೆ ಅದನ್ನು ಮುಚ್ಚಿದರು. ಈ ನಡುವೆ ದಲ್ಲಾಳಿಗಳಿಗೆ ಲಕ್ಷಗಟ್ಟಲೆ ತೆತ್ತು ಹೋದವರಿಗೆ ಅಲ್ಲಿ ಹೇಳಿದಷ್ಟು ಕೆಲಸವೇ ಇಲ್ಲದಿದ್ದ ಪ್ರಕರಣಗಳು ಬೆಳಕಿಗೆ ಬಂದವು. ಮಾಲೀಕನ ಪ್ರಾಯೋಜಕ ಪರವಾನಗಿ ರದ್ದಾದರೆ ನೌಕರನಿಗೆ ಸಿಗುವುದು ಸಾಮಾನ್ಯವಾಗಿ 60 ದಿನ. ತಪ್ಪು ಮಾಲೀಕನದು, ಗಡುವು ನೌಕರನಿಗೆ! ಕೌಶಲ ಶುಲ್ಕವನ್ನು ನೌಕರನ ಮೇಲೆ ಹೇರುವಂತಿಲ್ಲ. ಪ್ರಾಯೋಜಕತ್ವದ ಪ್ರಮಾಣಪತ್ರದ ಶುಲ್ಕವನ್ನೂ 2024ರ ಡಿಸೆಂಬರ್ 31ರಿಂದ ಹೇರಕೂಡದು. ಆದರೆ ಆರೈಕೆ ವಲಯದ ಹೊರಗಿನ ನುರಿತ ನೌಕರ ಕಟ್ಟಬೇಕಾದ ಆರೋಗ್ಯ ಶುಲ್ಕವನ್ನು 2024ರ ಫೆಬ್ರುವರಿಯಲ್ಲಿ ವರ್ಷಕ್ಕೆ 1,035 ಪೌಂಡಿಗೆ ಏರಿಸಿದರು. ಐದು ವರ್ಷದ ವೀಸಾಕ್ಕೆ 5,175 ಪೌಂಡನ್ನು ಮುಂಗಡವಾಗಿಯೇ ಕಟ್ಟಬೇಕು.

ಇತರರನ್ನು ದೂಷಿಸಿ ಸುಮ್ಮನಾಗುವುದು ನ್ಯಾಯವಲ್ಲ. ನಮ್ಮ ದೇಶದ ನಿಯಮಗಳೂ ಇದೇ ಅಚ್ಚಿನವು. ಭಾರತದ ಉದ್ಯೋಗ ವೀಸಾ ಪಡೆಯಲು ವಿದೇಶೀಯನ ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗಳಿಗಿಂತ ಹೆಚ್ಚಿರಬೇಕೆಂದು ನಿಯಮಿಸಲಾಗಿದೆ; ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷಲ್ಲದ ಭಾಷೆಗಳ ಶಿಕ್ಷಕರು ಮುಂತಾದವರಿಗೆ ಮಾತ್ರ ವಿನಾಯಿತಿ. ಒಂದೇ ಸಮೂಹದ ಸಂಸ್ಥೆಗಳ ನಡುವೆ ಹೊರತು, ಇಲ್ಲಿದ್ದುಕೊಂಡೇ ಮಾಲೀಕನನ್ನು ಬದಲಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. 2008ರ ಅಕ್ಟೋಬರಿನಿಂದ ಅವರು ಪೂರ್ಣ ಸಂಬಳದ ಮೇಲೆ ಭವಿಷ್ಯ ನಿಧಿ ಕಟ್ಟಬೇಕಾಯಿತು. ಸ್ವದೇಶೀಯರಿಗೆ ಇದ್ದ ವೇತನಮಿತಿ ಅವರಿಗಿರಲಿಲ್ಲ. ಈ ಭೇದ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ಆ ನಿಬಂಧನೆಯನ್ನು ರದ್ದುಪಡಿಸಿತು. ದೆಹಲಿಯ ಉಚ್ಚ ನ್ಯಾಯಾಲಯ 2025ರಲ್ಲಿ ಅದೇ ನಿಬಂಧನೆಯನ್ನು ಎತ್ತಿಹಿಡಿಯಿತು. ವಿದೇಶೀಯನನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನೂ ಕಾಡಿದೆಯೆಂಬುದನ್ನು ನಾವು ಮರೆಯಬಾರದು.

ಹಾಗಾದರೆ ಏನಾಗಬೇಕು? ನನ್ನ ಅಭಿಪ್ರಾಯದಲ್ಲಿ ಮೂರು ವಿಷಯಗಳು ಮುಖ್ಯ. ಮೊದಲನೆಯದು, ನೇಮಕದ ಖರ್ಚನ್ನು ಕೆಲಸಗಾರನಿಂದ ಒಂದು ಪೈಸೆಯೂ ಪಡೆಯಬಾರದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೆಯ ಒಡಂಬಡಿಕೆಯ ಮೂಲ ತತ್ತ್ವ ಇದೇ. ಭಾರತ ಅದನ್ನು ಅನುಮೋದಿಸಿಲ್ಲ. ಅರಬ್ ಸಂಸ್ಥಾನಗಳ ಕಾನೂನು ಕೆಲಸಗಾರನಿಂದ ಹಣ ಪಡೆಯಕೂಡದೆನ್ನುವಾಗ ನಮ್ಮ ನಿಯಮವೇ 30,000 ಪಡೆಯಬಹುದೆಂದು ಅಪ್ಪಣೆ ಕೊಡುವುದು ವಿಚಿತ್ರ. ಮಿತಿಯೆಂದು ಇಟ್ಟದ್ದು ವಸೂಲಿಯ ಆರಂಭದ ಅಂಕೆಯಾಗಿದೆ. ಇನ್ನು ಶಿಕ್ಷೆ. 1983ರ ಅಧಿನಿಯಮ ಅಕ್ರಮ ವಸೂಲಿಗೂ ಅಕ್ರಮ ನೇಮಕಾತಿಗೂ ಗೊತ್ತುಪಡಿಸಿದ್ದು ಎರಡು ವರ್ಷಗಳವರೆಗಿನ ಸೆರೆ, ಎರಡು ಸಾವಿರ ರೂಪಾಯಿಗಳವರೆಗಿನ ದಂಡ. ಒಬ್ಬನಿಂದಲೇ ಲಕ್ಷ ಸುಲಿಯುವವನಿಗೆ ಎರಡು ಸಾವಿರ ರೂಪಾಯಿ ಯಾವ ಲೆಕ್ಕ? ಅಧಿನಿಯಮದ ಬದಲಿಗೆ ಹೊಸ ಕಾನೂನು ತರಲೆಂದು ಸರಕಾರ 2025ರಲ್ಲಿ ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಇಂಥ ಸಂದರ್ಭಗಳಲ್ಲಿ ಕನ್ನಡ ಸಂಘಗಳು ಮೌನವಾಗಿರಬಾರದು.

ಎರಡನೆಯದು, ವೀಸಾ ಕೆಲಸಗಾರನ ಕೈಯಲ್ಲಿರಬೇಕು. ಇಂತಿಷ್ಟು ಕಾಲ ದುಡಿದ ಮೇಲೆ, ಅಥವಾ ಮಾಲೀಕ ಸಂಬಳ ಕೊಡದಿದ್ದ ಕ್ಷಣದಿಂದಲೇ, ಆ ದೇಶದೊಳಗೆ ಬೇರೆ ಕೆಲಸ ಹುಡುಕಲು ಸಾಕಷ್ಟು ಸಮಯ ಸಿಗಬೇಕು. ನಮ್ಮ ಸರಕಾರ ಇತರ ದೇಶಗಳೊಡನೆ ಮಾಡುವ ಒಪ್ಪಂದಗಳಲ್ಲಿ ವೀಸಾದ ಸಂಖ್ಯೆಗಾಗಿ ಎಷ್ಟು ವಾದಿಸುತ್ತದೋ ಅಷ್ಟೇ ಇದಕ್ಕಾಗಿಯೂ ವಾದಿಸಬೇಕು.

ಮೂರನೆಯದು, ರಕ್ಷಣೆಗೆ ವಿದ್ಯಾರ್ಹತೆಯ ಅಡ್ಡಗೋಡೆ ಇರಬಾರದು. ವಲಸೆ ತಪಾಸಣೆ ಅಗತ್ಯವೆಂದು ಗುರುತಿಸಿದ ದೇಶಗಳು 18. ಆದರೆ ಹತ್ತನೆಯ ತರಗತಿ ಪಾಸಾದವನಿಗೆ ಆ ತಪಾಸಣೆಯಿಂದ ವಿನಾಯಿತಿ. ಅದನ್ನು ಸವಲತ್ತೆಂದು ಕೊಟ್ಟದ್ದು ನಿಜ. ಆದರೆ ಕರಾರನ್ನು ಪರಿಶೀಲಿಸುವ ಕಣ್ಣೊಂದು ಅವನ ಪಾಲಿಗೆ ಇಲ್ಲವಾಯಿತು. ಹತ್ತನೆಯ ತರಗತಿ ಓದಿದವನು ಅರಬ್ಬಿಯ ಕರಾರನ್ನು ಓದಬಲ್ಲನೇ?

ಸರಕಾರ ಮಾಡುವುದನ್ನು ಮಾಡಲಿ. ಸಂಘ ಮಾಡಬಹುದಾದದ್ದೂ ಉಂಟು. ವಾರಕ್ಕೊಂದು ಸಂಜೆ ಈ ಕಟ್ಟಡದ ಒಂದು ಕೋಣೆಯಲ್ಲಿ, ನಿವೃತ್ತ ಅಧಿಕಾರಿಗಳೂ ವಕೀಲರೂ ಕುಳಿತು ಪರದೇಶಕ್ಕೆ ಹೊರಟವರ ಕಾಗದಪತ್ರಗಳನ್ನು ನೋಡಿಕೊಡಬಹುದು. ದಲ್ಲಾಳಿ ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಐದು ನಿಮಿಷದಲ್ಲಿ ತಿಳಿಯಬಹುದು. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎನ್ನುವವನ ಮಾತನ್ನು ನಂಬಬೇಡಿರೆಂದು ಹೇಳಬಹುದು. ಕರಾರಿನ ಪ್ರತಿ, ಪಾಸ್‌ಪೋರ್ಟಿನ ಪ್ರತಿ, ಕೊಟ್ಟ ಹಣದ ರಸೀದಿ ಮನೆಯಲ್ಲೂ ಒಂದಿರಲಿ, ಸಂಘದಲ್ಲೂ ಒಂದಿರಲಿ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿಯಿಲ್ಲ. ಬ್ಯಾಂಕಿನ ಮೂಲಕ ಕೊಟ್ಟದ್ದಕ್ಕೆ ಇದೆ. ಅಮೆರಿಕಕ್ಕೆ ಹೊರಟ ಹುಡುಗನಿಗೂ ಇದೇ ಮಾತು. ಅವಧಿಗೆ ಮುನ್ನ ಕೆಲಸ ಬಿಟ್ಟರೆ ಇಷ್ಟು ಹಣ ಕೊಡಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂದು ಸಹಿ ಹಾಕುವ ಮುನ್ನ ಯಾರಿಗಾದರೂ ತೋರಿಸಲಿ.

ಒಂದು ತಲೆಮಾರಿನ ಹಿಂದೆ ಈ ನಗರದ ಕನ್ನಡಿಗರು ಹೊಟೇಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದರು. ಓದು ಬಂದರೆ ಅವರು ಒಂದೇ ಧಣಿಯ ಬಳಿ ಉಳಿಯಬೇಕಾಗಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಈಗ ಹೊರಡುವವರು ವಿಮಾನದಲ್ಲಿ ಹೊರಡುತ್ತಾರೆ. ಅವರಲ್ಲಿ ಹಲವರು ನಮಗಿಂತ ಹೆಚ್ಚು ಓದಿದವರು. ಆದರೂ ಅವರಿಗೆ ಓದಿ ಹೇಳಬೇಕಾದ ಕಾಗದವೊಂದು ಇದೆ. ಆ ಕೆಲಸವನ್ನು ಸಂಘ ಕೈಗೆತ್ತಿಕೊಳ್ಳುವುದಾದರೆ ನನ್ನ ಬಿಡುವಿನ ಸಂಜೆಗಳಲ್ಲಿ ಒಂದನ್ನು ಸಂತೋಷದಿಂದ ಕೊಡುತ್ತೇನೆ.